ಅರ್ಧ ಹೊರಸು

ಬಾರೇ ಕಂಡಿಕಿ, ಮ್ಯಾಲ ಬಾ.
ದೀಪ ಆರಿಸೀನಿ. ಮಗ್ಗ ಸುಮ್ಮನಾಗೇತಿ.
ಗುಳೇದಗುಡ್ಡದ ಕಲ್ಲೆಲ್ಲ
ಹಗಲು ನುಂಗಿದ ಬಿಸಿಲು ಈಗ ಕಾರತಾವ,
ಬೆಳಗಿನ ಜಾವಕ್ಕ ಅವೂ ತಣ್ಣಗಾಗತಾವ.
ನೀ ಯಾಕ ಆ ಮಗ್ಗದ ಕುಣಿಯೊಳಗ
ಹರಕ ಗೋಣಿಚೀಲದ ಮ್ಯಾಲ ಮುದುಡಿ ಕುಂತಿ?

ಗೊತ್ತೈತಿ. ನಾನೇ ಕಲಿಸಿದ ಪಾಠ.
ಏಳು ವರ್ಷ ಕಸಬರಗಿ ಹಿಡಕೊಂಡು
ಈ ಹೊರಸಿಗೆ ಕಾವಲಿದ್ದಾಕಿ ನಾನು.
ನೀ ಒಂದು ಪಂಜ ಎತ್ತಿ ಇಟ್ಟರ ಸಾಕು
"ಛೀ, ಇಳೀ!" ಅಂತಿದ್ದೆ,
ಓಣಿಯೆಲ್ಲ ಎದ್ದು ಕೂಡುವಂಗ.
ತಂಗಿ ನೀಲಗಂಗಾಗ ದಮ್ಮು.
ನಿನ್ನ ಕೂದಲೆಳಿ ಒಂದು ತಲಿದಿಂಬಿಗೆ ಹತ್ತಿದರ
ಮುಂಜಾನಿತನಕ ಆಕಿ ಎದಿಯೊಳಗ
ಹರಕ ತಿದಿ ಒತ್ತಿದಂಗ ಸಪ್ಪಳ.
ಬೆನ್ನು ತಿಕ್ಕಾಕಿ ನಾನು, ಬಿಸಿನೀರು ಕೊಡಾಕಿ ನಾನು,
ಬೈಸಿಕೊಳ್ಳಾಕಿ ನೀನು.

ಈಗ ಆಕಿ ಇಲ್ಲ. ಸತ್ತಿಲ್ಲ, ಹೆದರಬ್ಯಾಡ.
ನಲವತ್ತಾರಕ್ಕ ಮದುವ್ಯಾದಳು!
ರಬಕವಿಯ ನೂಲಿನ ದಲ್ಲಾಳಿ,
ಹೆಂಡತಿ ಹೋಗಿ ಹತ್ತು ವರ್ಷ ಆದಾಂವ,
ಲೆಕ್ಕ ಮಾಡಾಕ ಬಂದು ಲೆಕ್ಕ ತಪ್ಪಿಸಿ
ಮತ್ತ ಬಂದ, ಮತ್ತ ತಪ್ಪಿಸಿ ಮತ್ತ ಬಂದ,
ಐದನೇ ಸಲ ಲೆಕ್ಕದ ಪುಸ್ತಕ ಮರೆತೇ ಬಂದ.
ಓಣಿ ಮಂದಿ ನಕ್ಕರು. ಆಕಿನೂ ನಕ್ಕಳು.
ನಾ ಆನಿಹೆಜ್ಜಿ ಖಣ ನೇಯ್ದು ಉಡಿಗೆ ಹಾಕಿದೆ,
"ಪಂಪು ಮರೀಬ್ಯಾಡವ್ವ" ಅಂದೆ, ಬ್ಯಾರೆ ಮಾತು ಬರಲಿಲ್ಲ.
ಬಸ್ಸು ತಿರುವಿನಾಗ ಮರಿಯಾತು.
ಮನಿಗೆ ಬಂದು ನೋಡತೀನಿ,
ಹೊರಸು ಎರಡು ಮಳ ಅಗಲ ಆಗೇತಿ.

ಎಷ್ಟು ಆಸೆ ತೋರಿಸೀನಿ ನಿನಗ!
ಮೊದಲನೇ ದಿನ ಬಟ್ಟಲದಾಗ ಕೆನಿ ಇಟ್ಟೆ.
ಕುತ್ತಿಗಿ ಚಾಚಿ ನೆಕ್ಕಿದಿ,
ಹಿಂಗಾಲು ಮಾತ್ರ ನೆಲ ಬಿಡಲಿಲ್ಲ.
ರೇಶಿಮಿ ಎಳಿಗೆ ಗೊಂಡೆ ಕಟ್ಟಿ ಎಳಕೋತ ಹೋದೆ,
ಮನಿ ತುಂಬ ಹಾರಿದಿ, ಕುಣಿದಿ,
ಹೊರಸಿನ ಕಾಲು ಕಂಡಕೂಡಲೇ
ಕಚೇರಿ ಸಿಪಾಯಿಯಂಗ ದೂರ ನಿಂತಿ.
ಎತ್ತಿ ತಂದು ಮಗ್ಗುಲಿಗೆ ಹಾಕೊಂಡೆ.
ಮೈಯೆಲ್ಲ ಕಲ್ಲು. ಕಿವಿ ಹಿಂದಕ್ಕ.
ನನ್ನ ಕೈಯಾಗಿಲ್ಲದ ಕಸಬರಗಿಯ ದಾರಿ
ಕಾಯತಿದ್ದಿ ನೀನು.
ಖಾಲಿ ಐತಿ ನೋಡು ಅಂತ
ಎರಡೂ ಅಂಗೈ ಮುಂದ ಹಿಡಿದೆ.
ಜೋಯಿಸರಿಗೂ ತೋರಿಸಿದಾಕಿ ಅಲ್ಲ ನಾನು,
ಬೆಕ್ಕಿಗೆ ಅಂಗೈ ತೋರಿಸಿದೆ.
ಮೂಸಿದಿ. ಬಣ್ಣದ ವಾಸನಿ, ಗಂಜಿ ವಾಸನಿ.
ಇಳಿದು ಹೋದಿ.

ನೀಲಾ ದಿನಾ ರಾತ್ರಿ ಫೋನ್ ಮಾಡತಾಳ,
"ಅಕ್ಕಾ, ಒಬ್ಬಾಕೀನ ಮಲಗತೀ ಏನು?"
"ಒಬ್ಬಾಕಿ ಯಾಕವಾ, ಕಂಡಿಕಿ ಐತಲ್ಲ ಮಗ್ಗುಲಾಗ,
ಗೊರಕಿ ಹೊಡಿಯತೈತಿ, ಕೇಳು" ಅಂತ
ನಾನೇ ಗುರ್‌ಗುರ್ ಅಂತೀನಿ.
ಆ ಕಡೆ ಆಕಿ ನಗತಾಳ. ನಕ್ಕರ ಕೆಮ್ಮು.
ಕೆಮ್ಮು ನಿಂದರೂತನಕ
ಇಬ್ಬರೂ ಫೋನು ಇಡಂಗಿಲ್ಲ.
ನನ್ನ ಸುಳ್ಳು ಒಂದಿಟು ಖರೇ ಮಾಡಿದರ
ನಿನ್ನ ಗಂಟು ಏನು ಹೋಗತೈತಿ?

ಬರೂದಿಲ್ಲ? ಬ್ಯಾಡ ಬಿಡು.
ಸೋತೆ. ಇಕೋ, ಕೌದಿ ಎಳಕೊಂಡು
ನಾನೇ ಕೆಳಗ ಬಂದೀನಿ ಕುಣಿ ಮಗ್ಗುಲಿಗೆ.
ಅವ್ವನ ಸೀರಿ ತುಂಡು, ನೀಲಾನ ಸಾಲಿ ಲಂಗ,
ಮಾರಾಕ ಬಾರದ ಖಣದ ಚೂರು,
ಎಲ್ಲಾ ಕೂಡೇ ಹೊಲಿದದ್ದು. ನೀನೂ ಬಾ ಇದರೊಳಗ.
ಮೂಸಿ ನೋಡಿ
ಬಾಲ ಎತ್ತಿ ಎಲ್ಲೋ ಹೊಂಟಿ.
ಹೋಗು, ಹೋಗು.

ತಾಸು ಕಳದಿರಬೇಕು.
ಕತ್ತಲಾಗ ಸಣ್ಣಗ ಧಪ್.
ಹೊರಸಿನ ಹಗ್ಗ ಕಿರ್ ಅಂತು.
ತಲಿ ಎತ್ತಿ ನೋಡತೀನಿ,
ಮ್ಯಾಲ ಎರಡು ಹಸಿರು ಕಣ್ಣು.
ನನ್ನ ಜಾಗದಾಗ ಅಲ್ಲ,
ಗ್ವಾಡಿ ಕಡೆ, ನೀಲಾನ ಜಾಗದಾಗ
ಮುಂಗಾಲಿನಿಂದ ದಿಂಬು ಮಿದ್ದಿ ಮಿದ್ದಿ
ಸುತ್ತು ಹಾಕಿ ಮಲಗಿದಿ.

ನಾ ಅಲುಗಾಡೂದಿಲ್ಲ. ಎದ್ದರ ಎಲ್ಲಿ ಇಳಿದೀಯೋ.
ಸೊಂಟಕ್ಕ ನೆಲ ಒತ್ತತೈತಿ, ಒತ್ತಲಿ.
ನಾಳೆ ನೀಲಾಗ ಗುರ್‌ಗುರ್ ಅನ್ನೂದು ಬ್ಯಾಡ,
ಬೆಕ್ಕು ಹೊರಸು ಹತ್ತೇತಿ ಅಂತ
ಖರೇನ ಹೇಳಬಹುದು.

ಅರ್ಧ ಖರೇ.