ಬಿಳಿ ಚುಕ್ಕೆ

ಸ್ಪ್ರಿಂಗಿನ ಡಬ್ಬಿ ಬಿಚ್ಚಿಟ್ಟಿದ್ದೇನೆ, ಮಡಚುವ ಮೇಜಿನ ಮೇಲೆ.
ಹದಿನೆಂಟು ಗೂಡು, ಗೂಡಿಗೊಂದು ಜೋಡಿ,
ತುದಿಗೆ ಬಣ್ಣದ ಚುಕ್ಕೆ:
ಬಿಳಿ ಎಲ್ಲಕ್ಕಿಂತ ಮೆತ್ತಗೆ, ಹಳದಿ ತುಸು ಬಿಗಿ, ಆಮೇಲೆ ನೀಲಿ, ಕೆಂಪು;
ಕಪ್ಪನ್ನು ಒತ್ತಿದರೆ ಬಗ್ಗುವುದು ಬೆರಳು.
ಇದೂ ಈ ಕಂಪನಿಯ ಮಾತು ಅಷ್ಟೆ.
ಆ ಕಂಪನಿಯ ಕೆಂಪು ಇವರ ಬಿಳಿಗಿಂತ ಸಡಿಲ.
ಬಣ್ಣಕ್ಕೆ ಮರುಳಾದವರು ಇಲ್ಲಿ ಬೇಕಾದಷ್ಟು ಜನ.

ಭಾನುವಾರ. ಶಿಮೊನಿತಾದ ಆಚೆ, ಕೊನ್ಯಾಕು ಗೆಡ್ಡೆಯ ಹೊಲ ದಾಟಿದರೆ
ಹಿಪ್ಪುನೇರಳೆ ಕಿತ್ತು ಕುವಾಬಾರ ಮಾಡಿದ ಮಣ್ಣಿನ ಟ್ರ್ಯಾಕು.
ಹಿಂದೆ ಮ್ಯೋಗಿ ಬೆಟ್ಟ, ಗರಗಸದ ಹಲ್ಲು.
ಬೆಳಿಗ್ಗೆ ಏಳಕ್ಕೇ ಪೈಪು ಹಿಡಿದು ಚಳೆ ಹೊಡೆದಿದ್ದಾನೆ.
ಹತ್ತಕ್ಕೆ ಒದ್ದೆ, ಹನ್ನೆರಡಕ್ಕೆ ಹದ,
ಎರಡಕ್ಕೆ ಕಾವಲಿ, ಟೈರು ಉಜ್ಜಿದಲ್ಲೆಲ್ಲ ಕಪ್ಪು ಹೊಳಪು.
ನನ್ನ ಓಟ ಎರಡೂವರೆಗೆ.

ಈ ಬಗ್ಗಿ ನಾನು ಕೊಂಡದ್ದಲ್ಲ.
ನನ್ನ ಬಸ್ಸಿನ ಕೊನೇ ಸೀಟಿನಲ್ಲಿ ಯಾರೋ ಬಿಟ್ಟುಹೋದದ್ದು,
ಸ್ನಾನದ ಟವೆಲಿನಲ್ಲಿ ಸುತ್ತಿ.
ಠಾಣೆಯಲ್ಲಿ ಮೂರು ತಿಂಗಳಿತ್ತು. ಕೇಳಿಕೊಂಡು ಒಬ್ಬರೂ ಬರಲಿಲ್ಲ.
ನೀನೇ ಇಟ್ಟುಕೋ ಅಂದರು ಡಿಪೋದವರು.
ಹಿಂದೆ ಎಡಕ್ಕೆ ಹಳದಿ, ಬಲಕ್ಕೆ ನೀಲಿ.
ಬೇಕೆಂದೇ ಹಾಕಿದ್ದೋ, ಕತ್ತಲಲ್ಲಿ ಹಾಕಿದ್ದೋ.

“ಬಿಗಿ ಹಾಕಿ, ಬಸ್ಸಿನಕ್ಕಾ” ಅಂದ ಶುಹೇಯ್,
ಹದಿನಾಲ್ಕು ವರ್ಷ, ಹೋದ ಸಲದ ಮೊದಲಿಗ.
“ಮೆತ್ತಗಿದ್ದರೆ ತಿರುವಲ್ಲಿ ಮೈ ವಾಲುತ್ತೆ, ಸೆಕೆಂಡು ಸೋರುತ್ತೆ.”
ಹಾಕಿದೆ. ಮುಂದೆ ಕೆಂಪು, ಹಿಂದೆರಡೂ ನೀಲಿ.
ಅಭ್ಯಾಸದ ಸುತ್ತಿನಲ್ಲಿ ಚಾಕುವಿನಂತೆ ತಿರುಗಿತು, ಸುಳ್ಳು ಹೇಳಬಾರದು.
ಆದರೆ ಆಚೆಯ ನೇರದಲ್ಲಿ ಸಾಲಾಗಿ ಏಳು ಉಬ್ಬು.
ಅಲ್ಲಿ ಓಡಲಿಲ್ಲ, ಸಿಡಿಯಿತು,
ಕಾದ ಎಣ್ಣೆಗೆ ಬಿದ್ದ ಸಾಸಿವೆ.
ನೆಲ ಮುಟ್ಟದ ಚಕ್ರಕ್ಕೆ ಎಂಥ ಮೋಟಾರಿದ್ದರೇನು.

ಬಗ್ಗಿದವನಿಗೆ ಗುದ್ದು ಹೆಚ್ಚು ಅನ್ನುತ್ತಾರೆ.
ಇರಬಹುದು, ಮನುಷ್ಯರಲ್ಲಿ.
ಇಲ್ಲಿ ಬಗ್ಗದವನಿಗೇ ಏಳೂ ಗುದ್ದು,
ಎಂಟನೆಯದು ಬೇಲಿ.

ಇಪ್ಪತ್ತೆರಡು ವರ್ಷ ಇದೇ ಕಣಿವೆಯಲ್ಲಿ ಬಸ್ಸು ಓಡಿಸಿದ್ದೇನೆ.
ಯಾವ ಸೇತುವೆಯ ಸಂದು ಎಷ್ಟು ಎತ್ತರವೆಂದು
ಕಣ್ಣಿಗಿಂತ ಮೊದಲು ಹೇಳುವುದು ಬೆನ್ನಿನ ಕೊನೇ ಮೂಳೆ.
ಬುಧವಾರ ಬುಧವಾರ ಒಬ್ಬಾಕೆ ಹತ್ತುತ್ತಾಳೆ,
ಮಡಿಲಲ್ಲಿ ನೀರು ತುಂಬಿದ ತೋಫು ಡಬ್ಬ, ಮುಚ್ಚಳವಿಲ್ಲ.
ಒಂದು ದಿನವೂ ನನ್ನನ್ನು ಹೊಗಳಿದವಳಲ್ಲ.
ಇಳಿಯುವಾಗ ಅವಳ ಏಪ್ರನ್ನು ಒಣಗಿರುತ್ತದೆ.

ಡಬ್ಬಿಗೆ ಕೈಹಾಕಿ ಬಿಳಿ ತೆಗೆದೆ, ಮುಂದಕ್ಕೆ. ಹಿಂದಕ್ಕೆ ಹಳದಿ.
ಶುಹೇಯ್ ನಕ್ಕ. ಒಗಿವಾರ ನಗಲಿಲ್ಲ.
ರೈಲು ಬೋಗಿಗಳ ಅಡಿಯಲ್ಲಿ ಮಲಗಿ ಮುಪ್ಪಾದವರು,
ಕೇಳಿದ್ದು ಒಂದೇ: “ಎಣ್ಣೆ?”
ಹೌದಲ್ಲ. ತಿಂದ ಪೆಟ್ಟು ಸ್ಪ್ರಿಂಗಿಗೆ ನೆನಪಿರುತ್ತದೆ,
ಮರೆಸುವುದು ಎಣ್ಣೆ.
ತೆಳ್ಳನೆಯದು ತುಂಬಿ, ಗುಳ್ಳೆ ಹೋಗುವವರೆಗೆ ಕಾದು,
ಒಂದು ಗೇಣು ಎತ್ತಿ ಮೇಜಿನ ಮೇಲೆ ಬಿಟ್ಟೆವು.
ಕೂತಿತು. ಮತ್ತೆ ಪುಟಿಯಲಿಲ್ಲ, ಕುಸಿಯಲೂ ಇಲ್ಲ,
ಊಟಕ್ಕೆ ಕೂತವರ ಹಾಗೆ.

ಎರಡೂವರೆ. ತಿರುವಲ್ಲಿ ವಾಲಿತು, ಹುಡುಗ ಹೇಳಿದ್ದು ನಿಜ;
ಅಲ್ಲೇ ಇಬ್ಬರು ನನ್ನನ್ನು ದಾಟಿದರು.
ಉಬ್ಬುಗಳ ಮೇಲೆ
ಚಕ್ರಗಳು ಅವುಗಳ ಪಾಡಿಗೆ ಏರಿದವು, ಇಳಿದವು,
ಮೈಗೆ ಸುದ್ದಿಯೇ ಮುಟ್ಟಲಿಲ್ಲ.
ಡಬ್ಬದ ನೀರು ನೆನಪಾಗಿ ನಾನು ಥ್ರಾಟಲ್ ಬಿಡಲಿಲ್ಲ.
ಹತ್ತರಲ್ಲಿ ಐದನೆಯವಳಾದೆ.
ಗೆದ್ದದ್ದು ಶುಹೇಯ್, ಬಿಗಿಯಲ್ಲೇ.
ಅವನು ಏಳು ಉಬ್ಬನ್ನು ಎರಡು ನೆಗೆತಕ್ಕೆ ದಾಟುತ್ತಾನೆ,
ಅಂಥ ಬೆರಳು ನನಗಿಲ್ಲ.

ಎಲ್ಲರೂ ಹೋದ ಮೇಲೆ ಹಳೆಯದನ್ನು ಮತ್ತೆ ಹಾಕಿ ನೋಡಿದೆ,
ಎಡಕ್ಕೆ ಹಳದಿ, ಬಲಕ್ಕೆ ನೀಲಿ.
ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಕ್ಕೆ ಬಂತು, ನೀಲಿ ಹೊತ್ತುಕೊಂಡಿತು.
ಕತ್ತಲಲ್ಲಿ ಹಾಕಿದ್ದಲ್ಲ.
ಎಲ್ಲೋ ಎಡಕ್ಕೇ ತಿರುಗುವ ಒಂದು ಅಂಗಳವಿದೆ.
ಅದರ ಪ್ರತಿ ತಿರುವು ಬಲ್ಲವರೊಬ್ಬರು
ನನ್ನ ಬಸ್ಸಿನಿಂದ ಬರಿಗೈಯಲ್ಲಿ ಇಳಿದು ಹೋಗಿದ್ದಾರೆ.
ಯಾವ ಸ್ಟಾಪಿನಲ್ಲಿ ಎಂದು ಯೋಚಿಸುತ್ತ
ಡಬ್ಬಿಯ ಮುಚ್ಚಳ ಒತ್ತಿದೆ.