ನಡಾವಳಿ

ಅರಸೀಕೆರೆ ಕೊಬ್ಬರಿ ಮಂಡಿಯ ಹಮಾಲರ ಸಂಘಕ್ಕೆ
ಮೂವತ್ತೊಂದು ವರ್ಷದಿಂದ ನಾನೇ ಗುಮಾಸ್ತ.
ಸಭೆ ಸೇರಿತು, ಚರ್ಚಿಸಲಾಯಿತು,
ಬಹುಮತದಿಂದ ಅಂಗೀಕರಿಸಲಾಯಿತು —
ಸಭೆಗೆ ಮೊದಲೇ ಬರೆದಿಟ್ಟದ್ದೂ ಉಂಟು.
ಯಾರೂ ಬಾಯಿ ಬಿಡದಿದ್ದರೆ
ಮೌನಂ ಸಮ್ಮತಿ ಲಕ್ಷಣಂ; ಕೆಳಗೊಂದು ಸೀಲು.

ಆ ದಿನ ಹಾಗಾಗಲಿಲ್ಲ.

ಮೊದಲ ಲಾರಿ ಯಾರು ತುಂಬಬೇಕೆಂಬಲ್ಲಿ ಹೊತ್ತಿ
ಎರಡು ಬೀದಿಗೆ ಹಬ್ಬಿ, ಅಡುಗೆಮನೆಯೊಳಗೂ ನುಗ್ಗಿ
ಹಯಾತನ ಮಗನ ಎಡಗಣ್ಣಿಗೆ ಬಂದು ನಿಂತಿತ್ತು ಜಗಳ.
ಹನ್ನೆರಡು ದಿನ ಕೆಲಸ ಬಂದ್.
ಇಲಿಗಳು ಮಾತ್ರ ಎರಡೂ ಕಡೆಯ ಚೀಲ ತಿಂದವು.

ನರ್ಸ್ ಸಲೋಮಿಯಮ್ಮ ಬಂದರು.
ಹುಡುಗನ ಕಣ್ಣಿನ ಪಟ್ಟಿ ಬದಲಿಸಿದ ಕೈಯಲ್ಲೇ
ಗೋದಾಮಿನಲ್ಲಿ ಖಾಲಿ ಗೋಣಿಗಳನ್ನು ದುಂಡಗೆ ಹಾಸಿದರು.
ಹಿಂದೆ ಅವರ ಆಸ್ಪತ್ರೆಯಲ್ಲಿ ಕ್ವೇಕರ್ ದಂಪತಿ ಇದ್ದರಂತೆ.
ಆ ಪಂಥದಲ್ಲಿ ಪೀಠವಿಲ್ಲ, ಕೈ ಎತ್ತಿಸಿ ಎಣಿಸುವುದಿಲ್ಲ;
ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ತಳ್ಳಿದರೆ ಏಳುತ್ತಾರೆ.
ಆ ಮನುಷ್ಯ ಬಂದೂಕು ಹಿಡಿಯೆನೆಂದು ಜೈಲು ಕಂಡು
ಆಮೇಲೆ ಅದೇ ಯುದ್ಧದಲ್ಲಿ
ಎರಡೂ ಕಡೆಯ ಗಾಯಾಳುಗಳನ್ನು ಹೊತ್ತನಂತೆ.
ಹೊತ್ತ ಎಂದಾಗ ಹಮಾಲರು ಕತ್ತೆತ್ತಿದರು.

"ಎಲ್ಲರೊಳಗೂ ಒಂದು ಬೆಳಕಿದೆ" ಎಂದರು ಅಮ್ಮ.
ನಾನು ಮೇಲೆ ನೋಡಿದೆ. ಟ್ಯೂಬ್‌ಲೈಟು ಮಿಟುಕುತ್ತಿತ್ತು,
ಬದಲಿಸಲು ಹೋದ ವರ್ಷವೇ ತೀರ್ಮಾನವಾಗಿತ್ತು.

ಕೂತೆವು.
ಗೋಡೆಯಾಚೆ ಗೂಡ್ಸ್ ರೈಲು ಹಿಂದೆ ಮುಂದೆ ಆಡಿತು.
ಈ ಬೀದಿಯವನೊಬ್ಬ ಕೆಮ್ಮಿದ,
ಆ ಬೀದಿಯಿಂದ ಎದುರು ಕೆಮ್ಮು ಬಂತು.
ಪೆನ್ನು ಹಿಡಿದು ಅರ್ಧ ಗಂಟೆ, ಬರೆಯಲು ಏನೂ ಇಲ್ಲ.
ಆಗ ತಿಳಿಯಿತು: ಇದು ಸಮ್ಮತಿಯಲ್ಲ.
ಒಬ್ಬೊಬ್ಬನ ಸುಮ್ಮನಿಗೂ ಒಂದೊಂದು ತೂಕ,
ಮೂವತ್ತೊಂದು ವರ್ಷ ನಾನು
ತೂಗದೆಯೇ ಚೀಟಿ ಬರೆದಿದ್ದೆ.

ಕರಿಸಿದ್ದ ಎದ್ದ. ಹೆಗಲ ಟವೆಲ್ಲು ತೆಗೆದ,
ಮತ್ತೆ ಹಾಕಿಕೊಂಡ.
"ಆ ಕಲ್ಲು ನಮ್ಮೊಲೇದು.
ಮೂರರಲ್ಲಿ ಒಂದು.
ಅವತ್ತಿಂದ ಪಾತ್ರೆ ನಿಲ್ತಿಲ್ಲ."
ಎಸೆದ ಕೈ ಯಾರದೆಂದು ಹೇಳಲಿಲ್ಲ. ಯಾರೂ ಕೇಳಲಿಲ್ಲ.

ತಕ್ಷಣ ಉತ್ತರಿಸಬಾರದು, ಅದೊಂದೇ ಕಟ್ಟಳೆ.
ಆ ಮಾತು ಗೋಣಿಯಿಂದ ಗೋಣಿಗೆ ದಾಟಿ
ಹಯಾತನ ಮುಂದೆ ಬಹಳ ಹೊತ್ತು ಕೂತಿತ್ತು.

"ಕಲ್ಲು ಠಾಣೇಲೈತೆ, ಚೀಟಿ ಅಂಟಿಸವ್ರೆ" ಎಂದ.
ಆಮೇಲೆ, ಕೂತಲ್ಲಿಂದಲೇ:
"ಹುಡುಗನಿಗೆ ಆ ಕಣ್ಣಲ್ಲಿ
ಬೆಳಕು ಕಾಣ್ತದಂತೆ.
ಮುಖ ಕಾಣಲ್ಲ."

ಸಲೋಮಿಯಮ್ಮ ತಲೆ ತಗ್ಗಿಸಿದರು.
ಬೆಳಕಿನ ಮಾತನ್ನು ಮತ್ತೆ ಎತ್ತಲಿಲ್ಲ.

ಬರೆದದ್ದನ್ನು ಅಲ್ಲೇ ಓದಬೇಕು, ಎಲ್ಲರೂ ಹೂಂ ಅನ್ನುವವರೆಗೆ.
ಕ್ಷಮೆ ಎಂದು ಬರೆದೆ; ಹಯಾತ ಹೊಡೆಸಿದ.
ರಾಜಿ ಎಂದೆ; ಎರಡೂ ಬೀದಿಯವರು ಹೊಡೆಸಿದರು.
ಉಳಿದದ್ದು ಇಷ್ಟು:

ಕಲ್ಲು ಒಬ್ಬರ ಒಲೆಯದು. ಕಣ್ಣು ಒಬ್ಬರ ಮಗನದು.
ನಾಳೆಯ ಮೊದಲ ಲಾರಿಯನ್ನು ಎರಡೂ ಬೀದಿಯವರು
ಹೆಗಲು ಬದಲಿಸಿ ತುಂಬುವುದು.
ನಾಡಿದ್ದಿನದು ತಿಳಿದಿಲ್ಲ. ಸಂಜೆ ಮತ್ತೆ ಕೂರುವುದು.

ಬಾಗಿಲ ಬಳಿ ಇದ್ದ ತಿಮ್ಮಬೋವಿ ಹೇಳಿದ:
"ನಂಗೊಪ್ಪಿಗೆ ಇಲ್ಲ. ಅಡ್ಡಾನೂ ನಿಲ್ಲಲ್ಲ."
ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.
ಪುಟ ತಿರುಗಿಸಿ ಹಿಡಿದು
ಅಂಚಿನ ಕೆಂಪು ಗೆರೆಯಾಚೆ, ಅಡ್ಡಡ್ಡಲಾಗಿ,
ಅವನ ಮಾತನ್ನು ಅವನು ಆಡಿದ ಹಾಗೆಯೇ ಬರೆದೆ.