ಬಿಸಿ ಇಲ್ಲದ ಕೆಂಡ

ಎಂಟು ದಿನ ಆತು ಈ ದೀಪ ಬಂದು.
ಬಾಗಲದಷ್ಟು ಹಲಗಿ, ಅದರ ತುಂಬ
ದಾಳಿಂಬರ ಒಡದಿಟ್ಟಂಗ ಕೆಂಪು ಕಾಳು.
ಗುಂಡಿ ಒತ್ತಾಕಿ ನಾನು, ಹುಸೇನಬಿ,
ವಿಜಾಪುರದ ಸೈಕಲ್ ಹಾಸ್ಟೆಲಿನ್ಯಾಗ
ಹುಡುಗ್ಯಾರ ಕಾಲು ತಿಕ್ಕಾಕಿ.

ಮೇಡಮ್ ಗ್ವಾಡಿಗೆ ಚೀಟಿ ಹಚ್ಚ್ಯಾರ:
ತೊಡಿಗೆ ಹನ್ನೆರಡು ನಿಮಿಷ, ಮೀನಖಂಡಕ್ಕ ಎಂಟು,
ಗೇಣು ದೂರ, ಕಣ್ಣಿಗೆ ಕರೀ ಚಸ್ಮಾ.
ಕೆಳಗ ಗೆರಿ ಎಳದು: ಎಣ್ಣಿ ಹಚ್ಚಬಾರದು.
ಅದೊಂದು ಸಾಲು ನನ್ನ ಸಲುವಾಗಿ.

ಬೌರಮ್ಮ ಗ್ವಾಡಿ ಹಿಡಕೊಂಡು ಬಂದಳು.
ಮೊನ್ನೆ ಜಮಖಂಡಿ ರಸ್ತೆ, ತೊಂಬತ್ತು ಕಿಲೋಮೀಟರು,
ಎದುರು ಗಾಳಿ, ಕಡೀ ಏರಿನ್ಯಾಗ ಗೇರು ಬೀಳಲಿಲ್ಲ,
ನಿಂತ ತುಳದಾಳ.
"ಆಯಿ, ಮೆಟ್ಟಲಾ ಏರೂದು ಆಗತೈತಿ,
ಇಳಿಯೂದ ಆಗವಲ್ದು."
ಹೌದವ್ವ. ನೋವು ಅವತ್ತ ಬರೂದಿಲ್ಲ,
ಬೀಗರಂಗ ಒಂದಿನ ತಡದು ಬಂದು
ಕಾಲು ಚಾಚಿ ಕುಂಡರತೈತಿ.

ಸೈಕಲ್ಲಿಗಿಂತ ಮೊದಲ ನಂದು ಬಾಣಂತ್ಯಾರ ಕೆಲಸ.
ಕುಸುಬಿ ಎಣ್ಣಿ ಕಾಸಿ, ನಡಾ ತಿಕ್ಕಿ, ನೀರು ಹಾಕಿ,
ಹೊರಸಿನ ಕೆಳಗ ಕುಂಪಟಿ ಸರಸಿ
ಕುಳ್ಳಿನ ಕೆಂಡ, ಮ್ಯಾಲ ಚೂರು ಅಜವಾನ.
ಆ ಹೊಗಿಯಾಗ ಕೂಸು ಸೀನತಿತ್ತು, ತಾಯಿ ಬೆವರತಿದ್ದಳು,
ಎಲುವು ಒಂದೊಂದ ತನ್ನ ಜಾಗಾ ಹುಡುಕಿಕೊಂತಿತ್ತು.
ಕಾವು ಅಂದರ ನನಗ ಅದು.

ಇದು ಕೆಂಪೈತಿ, ಸುಡೂದಿಲ್ಲ.
ಹೊಗಿ ಇಲ್ಲ, ಬೂದಿ ಇಲ್ಲ, ಊದಾಕ ಏನೂ ಇಲ್ಲ.
ಕುರ್ಚಿ ಮ್ಯಾಲ ಕುಂತು
ಕೈ ಎಲ್ಲಿ ಇಡಬೇಕು ತಿಳಿಯವಲ್ದು.
ಖಂಡದ ಒಳಗ ಎಳಿ ಹರದಿರತಾವಂತ,
ಬೆಳಕು ಇಳದು ಅವಕ್ಕ ಉಣಸತೈತಂತ.
"ಖರೇ ಏನ್ರಿ ಮೇಡಮ್?"
"ಕೆಲವರಿಗೆ ಹೌದು ಅಂತಾರ, ಹುಸೇನಬಿ. ನೋಡೋಣು."
ಆ 'ನೋಡೋಣು' ಕೇಳಿ ನಾ ಅವರನ್ನ ನಂಬಿದೆ.

ಹುಡುಗಿಗೆ ನಿದ್ದಿ ಹತ್ತಿತು, ಬಾಯಿ ತೆರದು.
ನಾಕು ನಿಮಿಷ ಉಳದಿತ್ತು.
ಯಾರೂ ಇಲ್ಲ ಅಂತ ನಾನೂ ಕೈ ಒಡ್ಡಿದೆ.
ಬೆರಳ ಸಂದಿ ಎಲ್ಲಾ ಕೆಂಪ.
ಸಣ್ಣಾಕಿದ್ದಾಗ ಬ್ಯಾಟರಿ ಅಂಗೈಯಾಗ ಮುಚ್ಚಿ
ಅಣ್ಣನ್ನ ಅಂಜಸತಿದ್ದೆ, ಅಷ್ಟ ಕೆಂಪ.
ಮೂವತ್ತು ವರ್ಷ ಕಣ್ಣು ಮುಚ್ಚಿ ತಿಕ್ಕೇನಿ,
ಎಲ್ಲಿ ಗಂಟು, ಎಲ್ಲಿ ಸೆಳವು, ಹೆಬ್ಬಟ್ಟಿಗೆ ಗೊತ್ತು.
ಹೆಬ್ಬಟ್ಟಿನ ನೋವಿಗೆ ಎಷ್ಟು ನಿಮಿಷ?
ಚೀಟಿಯಾಗ ಅದಿಲ್ಲ.

ಕುಂಯ್ ಅಂತು ಯಂತ್ರ.
ವಹಿಯಾಗ ಬರೀಬೇಕು: ಹೆಸರು, ನಿಮಿಷ, ನೋವು ಹತ್ತರಾಗ ಎಷ್ಟು.
ಬರೂಮುಂದ ಏಳು ಅಂದಿದ್ದಳು.
"ಈಗ?"
ಒಂದು ಮೆಟ್ಟಲಾ ಇಳದಳು. ನಿಂತಳು. ಇನ್ನೊಂದು.
"ಐದೂವರಿ ಬರಿ, ಆಯಿ."
ದೀಪಕ್ಕೋ, ಹನ್ನೆರಡು ನಿಮಿಷ ಸುಮ್ಮನ ಮಲಗಿದ್ದಕ್ಕೋ,
ಆ ಒಂದೂವರಿ ಯಾರದು ಅಂತ ಕೇಳಲಿಲ್ಲ.

ಬರದೆ. ಎಂಟು ದಿನ ಎಣ್ಣಿ ಮುಟ್ಟಿಲ್ಲ ನಾನು,
ಆದರೂ ಹಾಳಿ ಮ್ಯಾಲ ಹೆಬ್ಬಟ್ಟಿನಷ್ಟು ಜಿಡ್ಡು.
ಕಿಡಕಿಗೆ ಎತ್ತಿ ಹಿಡದೆ.
ಅಷ್ಟ ಜಾಗಾದಾಗ
ಬೆಳಕು ಆ ಕಡಿಂದ ಈ ಕಡಿಗೆ ಬರತಿತ್ತು.